ಟರ್ಕಿ ಕೋಳಿ ಯಾರು ತಿಂದಿದ್ದಾರೆ?

ನವೆಂಬರ್ ಬಂತೆಂದರೆ ನನ್ನ ವಾಟ್ಸಾಪ್‌ಗೆ ಒಂದೇ ಬೇಡಿಕೆ. ‘ಮೇಡಂ, ಕ್ರಿಸ್‌ಮಸ್ ಕ್ವಿಜ್ ಪಿಪಿಟಿ ಇದ್ರೆ ಕಳಿಸ್ತೀರಾ?’ ಜಪಾನಿನ ಶಾಲೆಗಳಿಗೆ ಇಂಗ್ಲಿಷ್ ಸಹಾಯಕ ಶಿಕ್ಷಕರಾಗಿ ಬಂದ ಹೊಸಬರು ಇವರು. ಇಲ್ಲಿ ನಮ್ಮನ್ನು ಎಎಲ್‌ಟಿ ಅಂತಾರೆ. ನನಗೆ ಗೊತ್ತಿರುವ ಹಾಗೆ ಬೆಂಗಳೂರು, ಮೈಸೂರು ಕಡೆಯವರೂ ಒಬ್ಬಿಬ್ಬರಿದ್ದಾರೆ. ಪಾಪ, ರಾತ್ರಿ ಹನ್ನೊಂದರವರೆಗೆ ಕೂತು ಸ್ಲೈಡಿನ ಮೇಲೆ ಹಿಮ ಬೀಳಿಸುತ್ತಾರೆ. ಪಿಪಿಟಿ ನನ್ನ ಹತ್ತಿರ ಇದೆ. ಕಳಿಸುವುದಿಲ್ಲ.

ಆ ಕ್ವಿಜ್ ನಡೆಯುವುದು ಹೀಗೆ. ಪರದೆ ಮೇಲೆ ಪ್ರಶ್ನೆ: ಕ್ರಿಸ್‌ಮಸ್ ದಿನ ಏನು ತಿನ್ನುತ್ತಾರೆ? ಎ, ಬಿ, ಸಿ, ಡಿ. ಆರು ಗುಂಪುಗಳು ತಲೆಗೆ ತಲೆ ಕೊಟ್ಟು ಚರ್ಚೆ ಮಾಡುತ್ತವೆ, ಜಪಾನಿಯಲ್ಲಿ. ಆಮೇಲೆ ಗುಂಪಿಗೊಬ್ಬ ಎದ್ದು ‘ಬಿ’ ಅನ್ನುತ್ತಾನೆ. ಬಿ ಅಂದರೆ ಚಿಕನ್. ಕಂಪ್ಯೂಟರ್ ‘ಬೂಬೂ’ ಅಂತ ಸದ್ದು ಮಾಡುತ್ತದೆ. ಸರಿಯುತ್ತರ ಟರ್ಕಿ ಕೋಳಿಯಂತೆ.

ಅಲ್ಲ, ಜಪಾನಿನ ಮನೆಗಳಲ್ಲಿ ಕ್ರಿಸ್‌ಮಸ್ ಅಂದರೆ ಕರಿದ ಕೋಳಿ, ಸ್ಟ್ರಾಬೆರಿ ಇಟ್ಟ ಬಿಳಿ ಕೇಕು. 1974ರಲ್ಲಿ ಕೆಎಫ್‌ಸಿ ದೇಶವಿಡೀ ಜಾಹೀರಾತು ಶುರುಮಾಡಿತು, ಬರ್ತಾ ಬರ್ತಾ ಅದೇ ಸಂಪ್ರದಾಯ ಆಯಿತು. ಡಿಸೆಂಬರ್ 25 ಇಲ್ಲಿ ಸರ್ಕಾರಿ ರಜೆಯೂ ಅಲ್ಲ. ಮಗು ತನ್ನ ಮನೆಯಲ್ಲಿ ತಿಂದದ್ದನ್ನು ಹೇಳಿತು, ನಾವು ತಪ್ಪು ಅಂದೆವು. ಟರ್ಕಿಯನ್ನು ಆ ಮಗುವೂ ತಿಂದಿಲ್ಲ, ಜಯನಗರದಿಂದ ಬಂದ ಟೀಚರೂ ತಿಂದಿಲ್ಲ.

ಇದಾದರೂ ಸಣ್ಣ ವಿಷಯ. ಹೊಸಬರ ಕ್ಲಾಸಿನಲ್ಲಿ ಹಿಂದೆ ಕೂತಾಗ ನಾನು ಒಂದು ಲೆಕ್ಕ ಇಡುತ್ತೇನೆ: ಮಕ್ಕಳು ಇಂಗ್ಲಿಷಿನಲ್ಲಿ ಎಷ್ಟು ವಾಕ್ಯ ಆಡಿದರು. 50 ನಿಮಿಷ, 34 ಮಕ್ಕಳು. ಒಮ್ಮೆ ಲೆಕ್ಕ ಸೊನ್ನೆ ಬಂತು. ಬರೀ ‘ಬಿ’, ‘ಸಿ’. ಮಾತಾಡಿ ಮಾತಾಡಿ ಟೀಚರ್ ಗಂಟಲು ಕಟ್ಟಿತ್ತು. ‘ಎಷ್ಟು ಖುಷಿಪಟ್ಟರು, ಅಲ್ವಾ ಮೇಡಂ?’ ಅಂತ ಕೇಳಿದರು. ಹೌದು, ಖುಷಿಪಟ್ಟರು. ನಾನು ಸುಮ್ನೆ ತಲೆಯಾಡಿಸಿದೆ.

ಎಷ್ಟು ಸಲ ಹೇಳಿದರೂ ತಲೆಗೆ ಇಳಿಯದ ಮಾತು, ಇನ್ನೊಮ್ಮೆ ಹೇಳುತ್ತೇನೆ. ಕ್ವಿಜ್‌ನಲ್ಲಿ ಭಾಷೆ ಇರುವುದು ಪ್ರಶ್ನೆಯಲ್ಲಿ. ಉತ್ತರ ಒಂದು ಪದ, ಎಷ್ಟೋ ಸಲ ಒಂದೇ ಅಕ್ಷರ. ಪ್ರಶ್ನೆಗಾದರೆ ಕ್ರಿಯಾಪದ ಬೇಕು, ಪದಗಳ ಜಾಗ ಗೊತ್ತಿರಬೇಕು, ಡಿಸೆಂಬರಿಗೆ ‘ಇನ್’, 25ಕ್ಕೆ ‘ಆನ್’ ಅಂತ ತಲೆ ಕೆರೆದುಕೊಳ್ಳಬೇಕು. ಆ ಕೆಲಸವನ್ನೆಲ್ಲ ಹಿಂದಿನ ರಾತ್ರಿ ನೀವೇ ಮುಗಿಸಿಬಿಟ್ಟರೆ ಮಕ್ಕಳಿಗೆ ಉಳಿಯುವುದು ಊಹೆ ಮಾತ್ರ. ಪ್ರಶ್ನೆ ಅವರು ಕಟ್ಟಲಿ, ಉತ್ತರಕ್ಕೆ ನೀವು ತಿಣುಕಿ. ಅದೂ ಅವರ ಹಬ್ಬದ ಮೇಲೆ. ನೀವು ಹೊರಗಿನವರು, ನಿಮಗೆ ನಿಜವಾಗಿಯೂ ಗೊತ್ತಿಲ್ಲ. ಗೊತ್ತಿಲ್ಲ ಅಂತ ಮಕ್ಕಳಿಗೂ ಗೊತ್ತು. ಜಪಾನಿ ಟೀಚರ್‌ಗೆ ಈ ಅನುಕೂಲ ಎಲ್ಲಿಂದ ಬರಬೇಕು?

ಇದಕ್ಕೆ ಇಲ್ಲಿನ ಕ್ಲಾಸುಗಳಲ್ಲಿ ಹಳೆಯ ಆಟವೊಂದಿದೆ, ಮೂರು ಸುಳಿವಿನ ಕ್ವಿಜ್: ಒಬ್ಬರು ಮೂರು ಸುಳಿವು ಕೊಡುತ್ತಾರೆ, ಅದು ಏನು ಅಂತ ಎದುರಿನವರು ಊಹಿಸಬೇಕು. ಸೆತ್ಸುಬುನ್ ಹಬ್ಬ ಫೆಬ್ರುವರಿ 3ರ ಆಸುಪಾಸಿಗೆ ಬರುತ್ತದೆ. ಹುರಿದ ಸೋಯಾ ಕಾಳು ಎರಚುತ್ತಾ ‘ಓನಿ ವ ಸೊತೊ, ಫುಕು ವ ಉಚಿ’ ಅಂತ ಕೂಗುತ್ತಾರೆ. ರಾಕ್ಷಸ ಆಚೆ, ಭಾಗ್ಯ ಒಳಗೆ. ಆ ವಾರ ನಮ್ಮ ಏಳನೇ ಕ್ಲಾಸಿಗೆ ಸಮನಾದ ತರಗತಿಯ ಹುಡುಗನೊಬ್ಬ ಚೀಟಿ ಹಿಡಿದು ನಿಂತ. ಏಪ್ರಿಲ್‌ನಿಂದ ನನ್ನ ಮುಂದೆ ಬಾಯಿಯೇ ಬಿಡದವನು. ‘ಇಟ್ ಈಸ್ ರೆಡ್.’ ಉಸಿರು ಎಳೆದುಕೊಂಡ. ‘ಇಟ್ ಕಮ್ ಟು ಮೈ ಹೌಸ್.’ ನಾನು ‘ಸಾಂತಾ’ ಅಂದೆ. ಇಡೀ ಕ್ಲಾಸು ‘ಬೂಬೂ!’ ಮೂರನೆಯ ಸುಳಿವು: ‘ಇಟ್ ಈಸ್ ಮೈ ಫಾದರ್.’ ‘ಹಾಗಾದ್ರೆ ಸಾಂತಾನೇ!’ ಅಂದೆ. ಬಿದ್ದು ಬಿದ್ದು ನಕ್ಕರು. ಉತ್ತರ ಓನಿ. ಎಷ್ಟೋ ಮನೆಗಳಲ್ಲಿ ಅಪ್ಪ ಕೆಂಪು ಮುಖವಾಡ ಹಾಕಿ ರಾಕ್ಷಸನಾಗುತ್ತಾನೆ, ಮಕ್ಕಳು ಕಾಳಿನಿಂದ ಹೊಡೆದು ಓಡಿಸುತ್ತಾರೆ. ‘ವೈ ಡು ಯು ಹಿಟ್ ಯುವರ್ ಫಾದರ್?’ ಅಂತ ಕೇಳಿದೆ. ಹಿಂದಿನಿಂದ ಒಬ್ಬಳು, ಯಾರೂ ಕೇಳದೆಯೇ, ‘ಮೈ ಫಾದರ್ ಈಸ್ ಓನಿ ಎವ್ರಿ ಡೇ’ ಅಂದಳು.

‘ಕಮ್’ಗೆ ‘ಎಸ್’ ಇರಲಿಲ್ಲ. ಆಗ ತಿದ್ದಲಿಲ್ಲ. ಕೊನೆಯ ಐದು ನಿಮಿಷದಲ್ಲಿ ಬೋರ್ಡಿನ ಮೇಲೆ ಎರಡೂ ಬರೆದೆ, ಯಾರ ವಾಕ್ಯ ಅಂತ ಹೇಳಲಿಲ್ಲ.

ಎಲ್ಲ ಶಾಲೆಯಲ್ಲೂ ಇದು ಹೀಗೇ ನಡೆಯುತ್ತದೆ ಅನ್ನಲಾರೆ. ನಾಚಿಕೆ ಜಾಸ್ತಿ ಇರುವ ಕ್ಲಾಸಾದರೆ ಮೊದಲು ಇಬ್ಬಿಬ್ಬರಾಗಿ ಆಡಿಸಿ. ಪ್ರವೇಶ ಪರೀಕ್ಷೆ ಹತ್ತಿರ ಇರುವ ಮಕ್ಕಳನ್ನು ಬಿಟ್ಟುಬಿಡಿ. ಮೂರು, ನಾಲ್ಕನೇ ಕ್ಲಾಸಿನ ಪುಟ್ಟವರ ಮುಂದೆ ಸಾಂತಾ ಮತ್ತು ಅಪ್ಪ ಒಂದೇ ವಾಕ್ಯದಲ್ಲಿ ಬರುವುದು ಬೇಡ, ಸಂಜೆಯೊಳಗೆ ಶಾಲೆಗೆ ತಾಯಂದಿರ ಫೋನ್ ಬರುತ್ತದೆ. ಏನೇ ಮಾಡುವ ಮುಂಚೆ ಕ್ಲಾಸ್ ಟೀಚರನ್ನು ಕೇಳಿ.

ಇನ್ನೊಂದು. ಚೀಟಿ ನೋಡುವಾಗ ಸರಿಯಿದ್ದ ಕಡೆ ಸೊನ್ನೆ ಸುತ್ತಿ. ಅಭ್ಯಾಸಬಲದಿಂದ ನಮ್ಮೂರಿನ ರೈಟ್ ಮಾರ್ಕ್ ಹಾಕಬೇಡಿ, ಇಲ್ಲಿ ಅದು ಸಾಮಾನ್ಯವಾಗಿ ತಪ್ಪಿನ ಗುರುತು. ಮೊದಲ ವರ್ಷ ನಾನು ಒಂದು ಕಟ್ಟು ಪೂರ್ತಿ ರೈಟ್ ಹಾಕಿ, ಬಲು ಹೆಮ್ಮೆಯಿಂದ ಹಂಚಿದೆ. ಮುಂದಿನ ಡೆಸ್ಕಿನ ಹುಡುಗಿ ತುಟಿ ಕಚ್ಚಿ, ರಬ್ಬರ್ ತೆಗೆದು, ಸರಿಯಿದ್ದ ಉತ್ತರಗಳನ್ನೆಲ್ಲ ಒಂದೊಂದಾಗಿ ಅಳಿಸತೊಡಗಿದಳು.