ಕುಸ್ತಿಯಿಂದ ಕ್ಯಾರೆಕ್ಟರ್ ರೋಲಿಗೆ: ಮೈಕ್ ಮಜುರ್ಕಿ ಟಿಪ್ಪಣಿ (ನನ್ನ ತಪ್ಪುಗಳ ಸಮೇತ)

ಇಂಟರ್ನಲ್ಸ್‌ನಲ್ಲಿ ಐದು ಮಾರ್ಕಿನ ಪ್ರಶ್ನೆ ಇತ್ತು. ಪ್ರೊಫೆಷನಲ್ ಕುಸ್ತಿಯಿಂದ ಬಂದ ಒಬ್ಬ ಕ್ಯಾರೆಕ್ಟರ್ ಆ್ಯಕ್ಟರ್ ಬಗ್ಗೆ ಬರೆಯಬೇಕು. ನಾನು ದಾರಾ ಸಿಂಗ್ ಬಗ್ಗೆ ಎರಡು ಪುಟ ತುಂಬಿಸಿದೆ. ಸಿಕ್ಕಿದ್ದು ಒಂದೂವರೆ. ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಾ ಪೇಪರ್ ತೆಗೆದು ಮತ್ತೆ ಓದಿದೆ. ಹೊಟ್ಟೆ ಉರಿದರೂ ತಪ್ಪು ನನ್ನದೇ. ಬರೆಯಬೇಕಾಗಿದ್ದದ್ದು ಹಾಲಿವುಡ್ ನಟ ಮೈಕ್ ಮಜುರ್ಕಿಯಂಥವರ ಬಗ್ಗೆ. ಸೆಮಿಸ್ಟರ್ ಪರೀಕ್ಷೆಯಲ್ಲಿ ಮತ್ತೆ ಬಂದರೆ ಇರಲಿ ಅಂತ ಇದನ್ನು ಬರೆದಿಟ್ಟಿದ್ದೇನೆ.

ದಾರಾ ಸಿಂಗ್ ಯಾಕೆ ಸರಿಹೋಗಲಿಲ್ಲ

ದಾರಾ ಸಿಂಗ್ ಕುಸ್ತಿಯಿಂದ ಬಂದವರು ನಿಜ. 1968ರಲ್ಲಿ ಮುಂಬೈಯಲ್ಲಿ ಅಮೆರಿಕದ ಕುಸ್ತಿಪಟು ಲೂ ಥೆಜ್‌ನನ್ನು ಸೋಲಿಸಿದವರು. ಆದರೆ ಸಿನಿಮಾದಲ್ಲಿ ಅವರ ಹೆಸರು ಓಡಿದ್ದು ಹೀರೋ ಆಗಿ. 1960ರ ದಶಕದಲ್ಲಿ ಮುಮ್ತಾಜ್ ಜೊತೆ ಸಾಲು ಸಾಲು ಸಾಹಸ ಚಿತ್ರಗಳು. ನಮ್ಮ ಅಪ್ಪ ಅಮ್ಮ ನೆನಪಿಟ್ಟಿರುವ ದೂರದರ್ಶನದ ಹನುಮಂತ ಬಂದದ್ದು 1987ರಲ್ಲಿ. ಆಗ ಅವರಿಗೆ ಅರವತ್ತು ಹತ್ತಿರ. ಅಂದರೆ ಕ್ಯಾರೆಕ್ಟರ್ ರೋಲು ಅವರಿಗೆ ಎರಡನೇ ಇನ್ನಿಂಗ್ಸ್. ಪ್ರಶ್ನೆ ಕೇಳಿದ್ದು ಶುರುವಿನಿಂದಲೇ ಅಂಥ ಪಾತ್ರ ಮಾಡಿದವರ ಬಗ್ಗೆ.

ಇನ್ನೊಂದು ಎಡವಟ್ಟು: ನಾನು ಉದ್ದಕ್ಕೂ "ಪೋಷಕ ನಟ" ಅಂತ ಬರೆದಿದ್ದೆ. ನಮ್ಮಲ್ಲಿ ಆ ಪದ ಕೇಳಿದ ಕೂಡಲೇ ಹೀರೋಯಿನ್ ಅಪ್ಪನೋ ಊರ ಗೌಡನೋ ಕಣ್ಣೆದುರು ಬರುತ್ತಾರೆ, ಅಲ್ವಾ? ಇಲ್ಲಿ ಹೇಳುತ್ತಿರುವುದು ಮುಖ ನೋಡಿದ ಕೂಡಲೇ "ಓ, ಈ ಜನವಾ!" ಅನಿಸುವ, ಹೆಸರು ಮಾತ್ರ ಬಾಯಿಗೆ ಬಾರದ ನಟನ ಬಗ್ಗೆ.

ಮಜುರ್ಕಿ, ಚುಟುಕಾಗಿ

ಹುಟ್ಟಿದ್ದು 1907ರಲ್ಲಿ, ಇಂದಿನ ಉಕ್ರೇನ್‌ನ ಟೆರ್ನೋಪಿಲ್ ಕಡೆ. ಚಿಕ್ಕವನಿದ್ದಾಗಲೇ ಅಮೆರಿಕಕ್ಕೆ. ಮ್ಯಾನ್‌ಹಟನ್ ಕಾಲೇಜಿನ ಪದವೀಧರ (ತೆರೆ ಮೇಲೆ ಸದಾ ಪೆದ್ದು ದಾಂಡಿಗ, ಇದನ್ನು ಬರೆದರೆ ಅರ್ಧ ಮಾರ್ಕು ಗ್ಯಾರಂಟಿ). 1930ರ ದಶಕದಲ್ಲಿ ಕುಸ್ತಿ. 1944ರ 'ಮರ್ಡರ್, ಮೈ ಸ್ವೀಟ್' ಚಿತ್ರದ ಮೂಸ್ ಮಲೋಯ್ ಪಾತ್ರದಿಂದ ಹೆಸರು. ತೀರಿಕೊಂಡದ್ದು 1990ರಲ್ಲಿ.

ಕುಸ್ತಿ ಸುಳ್ಳಾದರೆ ಏಟು ಕೂಡ ಸುಳ್ಳಾ?

ನಾನು ಸಿಕ್ಕಿಹಾಕಿಕೊಂಡದ್ದು ಇಲ್ಲಿ. ಮೊದಲು ಅಂದುಕೊಂಡದ್ದು: ಪೈಲ್ವಾನನಿಗೆ ನಟನೆ ಗೊತ್ತಿರಲಿಕ್ಕಿಲ್ಲ, ಸೊನ್ನೆಯಿಂದ ಕಲಿತಿರಬೇಕು. ಆಮೇಲೆ ಪ್ರೊಫೆಷನಲ್ ಕುಸ್ತಿಯಲ್ಲಿ ಯಾರು ಗೆಲ್ಲುವುದು ಅಂತ ಮೊದಲೇ ತೀರ್ಮಾನ ಆಗಿರುತ್ತದೆ ಅಂತ ಓದಿದೆ. ಕೂಡಲೇ ಆಚೆ ತುದಿಗೆ ಹಾರಿದೆ. ಹಾಗಾದ್ರೆ ಎಲ್ಲ ಸುಮ್ನೆ ನಾಟಕ, ನೋವೂ ಇಲ್ಲ ಗೀವೂ ಇಲ್ಲ! ಎರಡೂ ತಪ್ಪು.

ಫಲಿತಾಂಶ ಮೊದಲೇ ಗೊತ್ತು. ಆದರೆ ಬೀಳುವುದು ನಿಜ. ನೂರು ಕಿಲೋ ಮೈ ಹಲಗೆ ಮೇಲೆ ಬಿದ್ದರೆ ಪೆಟ್ಟು ಆಗಿಯೇ ಆಗುತ್ತದೆ, ಸ್ಕ್ರಿಪ್ಟ್ ಇದ್ದರೂ. ಕಿವಿ ನೋಡಿ. ಪದೇ ಪದೇ ಉಜ್ಜಿ, ಗುದ್ದಿ ಕಿವಿಯ ಚರ್ಮದ ಕೆಳಗೆ ರಕ್ತ ನಿಲ್ಲುತ್ತದೆ. ಬೇಗ ತೆಗೆಸದಿದ್ದರೆ ಅಲ್ಲೇ ಗಟ್ಟಿಯಾಗಿ ಕಿವಿ ಹೂಕೋಸಿನ ಹಾಗೆ ಮುದ್ದೆ ಆಗುತ್ತದೆ. ಅದಕ್ಕೆ ಹೆಸರೂ ಕಾಲಿಫ್ಲವರ್ ಇಯರ್ ಅಂತಲೇ. ಅಂಥ ಮುಖವನ್ನು ಮೇಕಪ್‌ನವರು ಬೆಳಗ್ಗೆ ಕೂತು ಅಂಟಿಸಲಿಕ್ಕೆ ಆಗುವುದಿಲ್ಲ. ನಿರ್ಮಾಪಕರಿಗೆ ಅದೇ ಬೇಕಾಗಿತ್ತು.

ಇನ್ನು 'ಸೆಲ್ಲಿಂಗ್'. ನಾನು ಇದನ್ನು ಟಿಕೆಟ್ ಮಾರುವುದು ಅಂತ ಬರೆದಿದ್ದೆ, ನಗಬೇಡಿ. ಏಟು ತಿಂದವನು ಅದು ಎಷ್ಟು ಜೋರಾಗಿತ್ತು ಅಂತ ಮೈಯಲ್ಲೇ ತೋರಿಸುವುದಕ್ಕೆ ರಿಂಗಿನ ಭಾಷೆಯಲ್ಲಿ ಸೆಲ್ಲಿಂಗ್ ಅಂತಾರೆ. ಹೊಡೆದವನು ಬಲಶಾಲಿ ಅಂತ ಜನರಿಗೆ ಗೊತ್ತಾಗುವುದು ಹೊಡೆದವನಿಂದ ಅಲ್ಲ, ಬಿದ್ದವನಿಂದ. ಈ ಒಂದು ಸಾಲು ಹಿಡಿದರೆ ಉಳಿದದ್ದು ತಾನಾಗಿ ಬರುತ್ತದೆ.

ನನಗೆ ಇದು ತಲೆಗೆ ಹೋದದ್ದು ನಮ್ಮ ಕಡೆಯ ಬಯಲಾಟದಿಂದ, ಅಂದರೆ ಯಕ್ಷಗಾನದಿಂದ. ದೇವಿ ಮಹಾತ್ಮೆಯಲ್ಲಿ ಮಹಿಷಾಸುರ ಸಾಯುತ್ತಾನೆ ಅಂತ ಎದುರು ಚಾಪೆ ಹಾಸಿ ಕೂತ ಮಗುವಿಗೂ ಗೊತ್ತು. ಆದರೂ ದೊಂದಿ ಬೆಂಕಿಯ ನಡುವೆ, ಜನರ ಹಿಂದಿನಿಂದ ಅವನು ಆರ್ಭಟಿಸುತ್ತಾ ಬರುವಾಗ ಮಕ್ಕಳು ಅಮ್ಮನ ಮಡಿಲಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ. ಚೌಕಿಯಲ್ಲಿ (ವೇಷ ಹಾಕುವ ಜಾಗ) ಗಂಟೆಗಟ್ಟಲೆ ಕೂತು ಮುಖಕ್ಕೆ ಅಕ್ಕಿ ಹಿಟ್ಟಿನ ಚಿಟ್ಟಿ ಇಟ್ಟು, ಬಟ್ಟೆ ಸುತ್ತಿ ಮೈ ಹಿಗ್ಗಿಸಿ ಬಂದ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ ಅದು. ಅವನು ಅಷ್ಟು ದೊಡ್ಡವನಾಗಿ ಕಂಡರೆ ಮಾತ್ರ ದೇವಿಯ ಗೆಲುವು ದೊಡ್ಡದು. ಮಜುರ್ಕಿ ಅಂದರೆ ಹಾಲಿವುಡ್‌ನ ಬಣ್ಣದ ವೇಷ. ಉತ್ತರದಲ್ಲಿ ಹೀಗೇ ಬರೆಯಬೇಡಿ, ನೆನಪಿಗೆ ಮಾತ್ರ.

ಮೈ ಹಿಗ್ಗಿಸುವ ಕೆಲಸ ಅಲ್ಲಿಯೂ ನಡೆದಿದೆ! ಮಜುರ್ಕಿ ಆರೂಕಾಲು ಅಡಿ ದಾಟಿದ ಆಳು. ಆದರೆ 'ಮರ್ಡರ್, ಮೈ ಸ್ವೀಟ್'ನಲ್ಲಿ ಪತ್ತೇದಾರ ಮಾರ್ಲೋ ಪಾತ್ರದ ಡಿಕ್ ಪಾವೆಲ್ ಕೂಡ ಕುಳ್ಳ ಏನಲ್ಲ. ಅದಕ್ಕೆ ನಿರ್ದೇಶಕ ಎಡ್ವರ್ಡ್ ಡ್ಮಿಟ್ರಿಕ್ ಇಬ್ಬರೂ ರಸ್ತೆಯಲ್ಲಿ ನಡೆಯುವಾಗ ಮಜುರ್ಕಿಯನ್ನು ಫುಟ್‌ಪಾತ್ ಅಂಚಿನ ಮೇಲೆ, ಪಾವೆಲ್‌ನನ್ನು ಕೆಳಗೆ ರಸ್ತೆ ಬದಿಯ ತಗ್ಗಿನಲ್ಲಿ ನಡೆಸಿದ. ಮೂಸ್ ಮೊದಲು ಕಾಣುವುದು ಆಫೀಸಿನ ಕಿಟಕಿ ಗಾಜಿನಲ್ಲಿ. ಹೊರಗೆ ನಿಯಾನ್ ದೀಪ ಹೊತ್ತಿ ಆರುತ್ತಿರುತ್ತದೆ. ಹೊತ್ತಿದಾಗ ಅವನ ಮುಖ, ಆರಿದಾಗ ಕತ್ತಲೆ. ಬಯಲಾಟದಲ್ಲಿ ತೆರೆ ಹಿಡಿದು ವೇಷ ಒಮ್ಮೆ ತೋರಿಸಿ ಅಡಗಿಸುತ್ತಾರಲ್ಲ, ಅದೇ ಲೆಕ್ಕ.

ಇದೇ ಸೂತ್ರ, ಬೇರೆಯವರಿಗೆ

ಸೆಲ್ಲಿಂಗ್ ಉಲ್ಟಾ ಮಾಡಿದರೆ 'ನೋ ಸೆಲ್'. ಹೊಡೆದರೂ ಏನೂ ಆಗದವನ ಹಾಗೆ ನಿಲ್ಲುವುದು. ಹೆರಾಲ್ಡ್ ಸಕಾಟಾ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರ ಎತ್ತಿ ಬೆಳ್ಳಿ ಗೆದ್ದು, ಆಮೇಲೆ ಟಾಶ್ ಟೋಗೋ ಹೆಸರಲ್ಲಿ ಕುಸ್ತಿ ಆಡಿದವನು. 1964ರ 'ಗೋಲ್ಡ್‌ಫಿಂಗರ್'ನಲ್ಲಿ ಬಾಂಡ್ ಎಸೆದ ಚಿನ್ನದ ಗಟ್ಟಿ ಅವನ ಎದೆಗೆ ಬಡಿದು ಕೆಳಗೆ ಬೀಳುತ್ತದೆ. ಅವನು ಸುಮ್ನೆ ನಗುತ್ತಾನೆ. ಆ ನಗು ರಿಂಗಿನಲ್ಲಿ ಕಲಿತದ್ದು ಅಂತ ನನಗೆ ಅನಿಸುತ್ತದೆ.

ಲೆನ್ನಿ ಮೊಂಟಾನಾ ಕೂಡ ಕುಸ್ತಿಯವನೇ. 1972ರ 'ದ ಗಾಡ್‌ಫಾದರ್'ನಲ್ಲಿ ಡಾನ್‌ನ ಬಂಟ ಲೂಕಾ ಬ್ರಾಸಿ. ಮಾರ್ಲನ್ ಬ್ರಾಂಡೊ ಎದುರು ಹೆದರಿ ಮಾತು ತೊದಲಿದ. ನಿರ್ದೇಶಕ ಕೊಪೊಲಾ ಅದನ್ನೇ ಇಟ್ಟುಕೊಂಡು, ಮದುವೆ ಮನೆಯಲ್ಲಿ ಲೂಕಾ ಒಬ್ಬನೇ ಕೂತು ಮಾತು ಉರು ಹೊಡೆಯುವ ದೃಶ್ಯ ಸೇರಿಸಿದ.

ನೈಟ್ ಆ್ಯಂಡ್ ದ ಸಿಟಿ, 1950

ಮಜುರ್ಕಿ ಇದರಲ್ಲಿ ಸ್ಟ್ರ್ಯಾಂಗ್ಲರ್ ಅನ್ನುವ ತೋರಿಕೆ ಕುಸ್ತಿಯವನು. ಎದುರಾಳಿ ಗ್ರೆಗೋರಿಯಸ್, ಹಳೇ ಶಾಸ್ತ್ರೀಯ ಪಟ್ಟಿನ ಮುದುಕ, ತೋರಿಕೆ ಕುಸ್ತಿ ಕಂಡರೆ ಆಗದವನು. ಆ ಪಾತ್ರ ಮಾಡಿದ್ದು ಸ್ಟಾನಿಸ್ಲಾಸ್ ಜ್ಬಿಸ್ಕೊ, ನಿಜ ಜೀವನದ ಮಾಜಿ ವಿಶ್ವ ಚಾಂಪಿಯನ್. ಆಗ ವಯಸ್ಸು ಎಪ್ಪತ್ತರ ಆಸುಪಾಸು. ಜಗಳ ಹತ್ತಿ ಇಬ್ಬರೂ ಜಿಮ್ಮಿನಲ್ಲೇ ಹಿಡಿದುಕೊಳ್ಳುತ್ತಾರೆ. ಟಿಕೆಟ್ ಕೊಂಡ ಪ್ರೇಕ್ಷಕರಿಲ್ಲ. ಕಥೆಯ ಪ್ರಕಾರ ಇದು ನಿಜವಾದ ಕುಸ್ತಿ. ಆಡುತ್ತಿರುವುದು ಮಾತ್ರ ನಟನೆ. ನಟಿಸುತ್ತಿರುವವರು ಮತ್ತೆ ನಿಜವಾದ ಪೈಲ್ವಾನರು! ನನ್ನ ನೋಟ್‌ಬುಕ್ಕಿನಲ್ಲಿ ಈ ಜಾಗದಲ್ಲಿ ಮೂರು ಬಾಣ ಎಳೆದು ಮೂರನ್ನೂ ಹೊಡೆದುಹಾಕಿದ್ದೇನೆ. ಕೊನೆಗೆ ಮುದುಕ ಅಪ್ಪಿ ಹಿಂಡಿ ಗೆಲ್ಲುತ್ತಾನೆ, ಸ್ವಲ್ಪ ಹೊತ್ತಿಗೆ ಸಾಯುತ್ತಾನೆ. ಆ ಹಿಡಿತದಲ್ಲಿ ಮುದುಕನ ಕೈಗಿಂತ ಜಾಸ್ತಿ ಮಜುರ್ಕಿಯ ಮುಖ ನೋಡಿ.

ಉಳಿದದ್ದು

ಟಿವಿ ಭಾಗಕ್ಕೆ ಒಂದೇ ಹೆಸರು ಸಾಕು: 1966-67ರ 'ಇಟ್ಸ್ ಅಬೌಟ್ ಟೈಮ್' ಕಾಮಿಡಿ ಧಾರಾವಾಹಿಯ ಗುಹಾವಾಸಿ ಕ್ಲಾನ್. ಜೊತೆಗೆ, ನಿವೃತ್ತ ಕುಸ್ತಿಪಟುಗಳಿಗಾಗಿ 1965ರಲ್ಲಿ ಶುರುವಾದ ಸಂಘಕ್ಕೆ ಮಜುರ್ಕಿಯೇ ಮೊದಲ ಅಧ್ಯಕ್ಷ. ಅದರ ಹೆಸರು ಕಾಲಿಫ್ಲವರ್ ಆ್ಯಲಿ ಕ್ಲಬ್. ಕಿವಿ ನೆನಪಿದ್ದರೆ ಹೆಸರು ಮರೆಯುವುದಿಲ್ಲ.