ಕಂಡ ಹಕ್ಕಿ, ಇರುವ ಹಕ್ಕಿ

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಜನ ಬರುವುದು ಕೃಷ್ಣಮೃಗ ನೋಡಲು. ನಾನು ಹೋಗುವುದು ನೆಲಗುಬ್ಬಿ ಎಣಿಸಲು. ಗಂಡಿನ ನೆತ್ತಿ ಬೂದಿ ಬಣ್ಣ, ಹೊಟ್ಟೆಯೆಲ್ಲ ಕಪ್ಪು. ಮರಿ ಮಾಡುವ ಕಾಲದಲ್ಲಿ ಅದು ರೆಕ್ಕೆ ಬಡಿಯುತ್ತ ಮೇಲೇರಿ, ರೆಕ್ಕೆ ಮಡಚಿ, ಉದ್ದಕ್ಕೆ ಸಿಳ್ಳೆ ಹಾಕುತ್ತ ಬೀಳುತ್ತದೆ. ಇನ್ನೇನು ನೆಲಕ್ಕೆ ಬಡಿಯಿತು ಅನ್ನುವಾಗ ಮತ್ತೆ ಮೇಲಕ್ಕೆ. ಹೆಣ್ಣು ಮಣ್ಣಿನ ಬಣ್ಣದ್ದು. ಕಾವಿಗೆ ಕೂತರೆ ಮೂರು ಹೆಜ್ಜೆ ದೂರದಲ್ಲೂ ಕಣ್ಣಿಗೆ ಬೀಳುವುದಿಲ್ಲ.

ಹಾಗಾಗಿ ಎಣಿಸುವುದು ಗಂಡುಗಳನ್ನು. ಹೆಂಟೆಯ ಮೇಲೆ ಕೂತಿದ್ದರೂ ಸರಿ, ಆಕಾಶದಲ್ಲಿದ್ದರೂ ಸರಿ. ಒಂದು ಗಂಡಿಗೆ ಒಂದು ಜೋಡಿ ಎಂದು ಹಿಡಿಯುವ ರೂಢಿಯಿದೆ. ಆದರೆ ಜೊತೆ ಸಿಗದ ಗಂಡೂ ಹಾರಾಡುತ್ತದೆ. ನಾನು ವರದಿಯಲ್ಲಿ ‘ಗಂಡು’ ಎಂದೇ ಬರೆಯುತ್ತೇನೆ.

ನಕ್ಷೆಯ ಮೇಲೆ ಚೀಟಿ ಎತ್ತಿದಂತೆ ಗೆರೆಗಳನ್ನು ಆರಿಸಿ, ಬೆಳಗಿನ ಮೊದಲ ಎರಡು ಗಂಟೆ ಆ ಗೆರೆ ಹಿಡಿದು ನಡೆಯುತ್ತೇವೆ. ಬದುವಿನ ಮೇಲೋ ಗಾಡಿದಾರಿಯಲ್ಲೋ ನಡೆದರೆ ಅಲ್ಲಿನ ಹಕ್ಕಿಗಳಷ್ಟೇ ಲೆಕ್ಕಕ್ಕೆ ಬರುತ್ತವೆ. ಹಕ್ಕಿ ಗೆರೆಯಿಂದ ಅಡ್ಡಕ್ಕೆ ಎಷ್ಟು ಮೀಟರ್ ಎಂದು ಅಳೆದು ಬರೆಯಬೇಕು. ಬೆದರಿ ಹಾರಿದ್ದರೆ ಮೊದಲು ಕಂಡ ಜಾಗವೇ ಲೆಕ್ಕ.

ಈ ದೂರ ಬರೆಯದ ಗಣತಿಯನ್ನು ನಾನು ನಂಬುವುದಿಲ್ಲ. ಹುಲ್ಲುಗಾವಲಿನಲ್ಲಿ 4 ಕಿಲೋಮೀಟರ್ ನಡೆದು 24 ಗಂಡು, ಪಕ್ಕದ ಕಡಲೆಕಾಯಿ ಹೊಲಗಳಲ್ಲಿ ಅಷ್ಟೇ ನಡೆದು 12 ಕಂಡೆವು ಎಂದಿಟ್ಟುಕೊಳ್ಳಿ. ಹೊಲದಲ್ಲಿ ಹಕ್ಕಿ ಅರ್ಧದಷ್ಟೇ ಅನಿಸುತ್ತದೆ. ಆದರೆ ಗೆರೆಯ ಮೇಲಿನ ಹಕ್ಕಿ ತಪ್ಪಿಸಿಕೊಳ್ಳುವುದಿಲ್ಲ. ದೂರವಾದಂತೆ ಕಾಣುವುದು ಕಡಿಮೆ. ಆ ಇಳಿಕೆ ನೋಡಿ ನಮ್ಮ ಕಣ್ಣು ನಿಜಕ್ಕೂ ಎಷ್ಟು ಅಗಲ ಹುಡುಕಿದೆ ಎಂದು ಲೆಕ್ಕ ಹಾಕುತ್ತೇವೆ. ಬೋಳು ಹುಲ್ಲಿನಲ್ಲಿ ಅದು ಎರಡೂ ಬದಿಗೆ ತಲಾ 50 ಮೀಟರ್ ಬಂದರೆ, ನೋಡಿದ್ದು 40 ಹೆಕ್ಟೇರ್, ಅಂದರೆ ಹತ್ತಿರಹತ್ತಿರ 100 ಎಕರೆ. ಸಾಲು ಮುಚ್ಚಿದ ಕಡಲೆಕಾಯಿಯಲ್ಲಿ ತಲಾ 25 ಮೀಟರ್ ಬಂದರೆ, 50 ಎಕರೆ. 100 ಎಕರೆಗೆ 24, 50 ಎಕರೆಗೆ 12. ಎರಡೂ ಕಡೆ ಹಕ್ಕಿ ಒಂದೇ ಸಮ!

ಆ ಇಳಿಕೆಯನ್ನು ಸರಿಯಾಗಿ ಗುರುತಿಸಲು ಒಂದೊಂದು ಜಾತಿಗೂ 60ರಿಂದ 80 ದಾಖಲೆ ಬೇಕು. ಸಿರುಗುಪ್ಪದ ಎರೆಭೂತದಂಥ (ಗ್ರೇಟ್ ಇಂಡಿಯನ್ ಬಸ್ಟರ್ಡ್) ತೀರಾ ಅಪರೂಪದ ಹಕ್ಕಿಗೆ ಅಷ್ಟು ಎಲ್ಲಿಂದ ತರುವುದು? ಅದಕ್ಕೆ ಬೇರೆಯದೇ ವಿಧಾನ ಬೇಕು. ಹಾಗೆಯೇ ಹುಲ್ಲುಗಾವಲಿನ ಲೆಕ್ಕವನ್ನು ನೀಲಗಿರಿ ತೋಪು ಬೆಳೆದ ಜಾಗಕ್ಕೂ ಸೇರಿಸಿ ಗುಣಿಸಬಾರದು.

ಅಳತೆಯ ಉಪಕರಣ ಇಲ್ಲದವರೂ ಹಿಂಜರಿಯಬೇಕಿಲ್ಲ. ಬ್ರಿಟನ್ನಿನಲ್ಲಿ 1994ರಲ್ಲಿ ಶುರುವಾದ ಗಣತಿಯಲ್ಲಿ ಸ್ವಯಂಸೇವಕರು 25 ಮೀಟರ್ ಒಳಗೆ, 25ರಿಂದ 100, ಅದರಾಚೆ ಎಂದಷ್ಟೇ ಗುರುತು ಹಾಕುತ್ತಾರೆ.

ಒಮ್ಮೆ ಕಳೆ ತೆಗೆಯುತ್ತಿದ್ದ ಅಜ್ಜಿಯೊಬ್ಬರು, “ಇಲ್ಲಿ ನೋಡಪ್ಪ, ನಿನ್ನ ಗುಬ್ಬಿ” ಎಂದು ಕರೆದರು. ಗಿಡದ ಬುಡದಲ್ಲಿ ಅಂಗೈ ಗುಳಿಯಷ್ಟು ಗೂಡು, ಅಂಚಿಗೆ ಸಣ್ಣ ಕಲ್ಲು, ಒಳಗೆ ಎರಡು ಮೊಟ್ಟೆ. ಅಜ್ಜಿ ಅದರ ಸುತ್ತ ಕಳೆ ಹಾಗೇ ಬಿಟ್ಟರು. ಮೂರು ವಾರ ಬಿಟ್ಟು ಹೋದಾಗ ಗೂಡು ಖಾಲಿ. ಮರಿ ಹಾರಿದವೋ, ಮುಂಗುಸಿ ತಿಂದಿತೋ, ಗೂಡು ನೋಡಿ ಹೇಳಲಾಗಲಿಲ್ಲ. ನನ್ನ ಹಾಳೆಯಲ್ಲಿ ಆ ಹೊಲಕ್ಕೆ ಎರಡು ಸಲವೂ ಬರೆದದ್ದು ಒಂದೇ: ‘ಗಂಡು 1, 15 ಮೀಟರ್’.