ಟ್ಯಾಂಕ್ ತುಂಬಿದ್ದರೂ ಪೆಟ್ರೋಲ್ ಮುಳ್ಳು ಏಳುತ್ತಿಲ್ಲ, ಮೀಟರ್ ಬದಲಿಸಬೇಕಾ?

ಪ್ರಶ್ನೆ: ನನ್ನದು ಹಳೆ ಸ್ಕೂಟರ್, ಮುಳ್ಳಿನ ಮೀಟರ್. ಫುಲ್ ಟ್ಯಾಂಕ್ ಹಾಕಿಸಿದರೂ ಮುಳ್ಳು ಖಾಲಿಯಲ್ಲೇ ಇರುತ್ತದೆ. ಗ್ಯಾರೇಜಿನಲ್ಲಿ ಮೀಟರ್ ಪೂರ್ತಿ ಬದಲಿಸಬೇಕು ಅನ್ನುತ್ತಾರೆ. ನಿಜವಾ?

ಉತ್ತರ: ಈಗಲೇ ಬದಲಿಸಬೇಡಿ. ಮೀಟರ್ ಕೆಡುವುದು ಕಡಿಮೆ. ತೊಂದರೆ ಜಾಸ್ತಿ ಇರುವುದು ಟ್ಯಾಂಕಿನೊಳಗಿನ ಫ್ಲೋಟ್‌ನಲ್ಲಿ, ಇಲ್ಲವೇ ಅಲ್ಲಿಂದ ಬರುವ ವೈರಿನಲ್ಲಿ.

ಮನೆಯ ನೀರಿನ ಟ್ಯಾಂಕಿನಲ್ಲಿ ಒಂದು ಚೆಂಡು ತೇಲುತ್ತದಲ್ವಾ, ಫ್ಲೋಟ್ ಕೂಡ ಹಾಗೇ. ಪೆಟ್ರೋಲ್ ಇಳಿದರೆ ಅದೂ ಇಳಿಯುತ್ತದೆ. ಅದರ ಕಡ್ಡಿಯ ತುದಿ ಒಂದು ಸಣ್ಣ ಪಟ್ಟಿಯ ಮೇಲೆ ಸರಿದಾಡುತ್ತಾ ರೆಸಿಸ್ಟೆನ್ಸ್ ಬದಲಿಸುತ್ತದೆ, ಅಂದರೆ ಕರೆಂಟಿಗೆ ಒಡ್ಡುವ ತಡೆ. ಅದರ ಅಳತೆ ಓಮ್. ನಮ್ಮಲ್ಲಿ ಓಡುವ ಬಹಳಷ್ಟು ಸ್ಕೂಟರ್, ಬೈಕುಗಳಲ್ಲಿ ಟ್ಯಾಂಕ್ ತುಂಬಿದ್ದರೆ ಇದು ಸುಮಾರು 10 ಓಮ್ ಒಳಗೆ, ಖಾಲಿಯಾದರೆ 100 ಓಮ್ ಆಸುಪಾಸು. ಕೆಲವು ಗಾಡಿಗಳಲ್ಲಿ ಉಲ್ಟಾ ಇರುತ್ತದೆ. ಮುಳ್ಳು ಏಳುವುದು ಬೀಳುವುದು ಈ ಲೆಕ್ಕದ ಮೇಲೆ.

ಗಾಡಿಯನ್ನು ಮೊದಲು ಸೆಂಟರ್ ಸ್ಟ್ಯಾಂಡ್ ಹಾಕಿ ನೋಡಿ. ಸೈಡ್ ಸ್ಟ್ಯಾಂಡಿನಲ್ಲಿ ಪೆಟ್ರೋಲ್ ಒಂದು ಕಡೆ ವಾಲಿ ಮುಳ್ಳು ತಪ್ಪು ತೋರಿಸುತ್ತದೆ. ಇಗ್ನಿಷನ್ ಆನ್ ಮಾಡಿ ಸ್ವಲ್ಪ ಕಾಯಿರಿ, ಗುಂಡಿ ಬಿದ್ದಾಗೆಲ್ಲ ಕುಣಿಯದಿರಲಿ ಅಂತ ಕೆಲವು ಮುಳ್ಳುಗಳು ಬೇಕೆಂದೇ ನಿಧಾನ ಏಳುತ್ತವೆ. ಹಾರ್ನ್, ಇಂಡಿಕೇಟರ್ ಕೂಡ ಸತ್ತಿದ್ದರೆ ಫ್ಯೂಸ್ ನೋಡಿ.

ಇದೆಲ್ಲ ಸರಿಯಿದ್ದರೆ ಮುಖ್ಯ ಪರೀಕ್ಷೆಗೆ ಬನ್ನಿ. ಇದೊಂದನ್ನು ಮಾಡದೆ ಮೀಟರಿಗೆ ದುಡ್ಡು ಕೊಡಲೇಬೇಡಿ. ಗಾಡಿ ಬಯಲಲ್ಲಿರಲಿ, ಟ್ಯಾಂಕಿನ ಮುಚ್ಚಳ ಭದ್ರವಾಗಿರಲಿ, ಪೆಟ್ರೋಲ್ ವಾಸನೆ ಬರುತ್ತಿದ್ದರೆ ಕೈ ಹಾಕಬೇಡಿ. ಇಗ್ನಿಷನ್ ಆಫ್ ಮಾಡಿ ಫ್ಲೋಟ್‌ನ ಕಪ್ಲರ್, ಅಂದರೆ ವೈರುಗಳನ್ನು ಜೋಡಿಸುವ ಪ್ಲಗ್, ಬಿಚ್ಚಿ. ಮೀಟರ್ ಕಡೆಯ ಎರಡು ಪಿನ್‌ಗಳನ್ನು ಒಂದು ತುಂಡು ವೈರಿನಿಂದ ಜೋಡಿಸಿ, ಆಮೇಲೆ ಇಗ್ನಿಷನ್ ಆನ್ ಮಾಡಿ. ಮುಳ್ಳು ಫುಲ್ ಕಡೆಗೆ ಎದ್ದರೆ ಮೀಟರ್, ವೈರ್, ಅರ್ಥಿಂಗ್ ಮೂರೂ ಸರಿ ಇವೆ, ತೊಂದರೆ ಇರುವುದು ಫ್ಲೋಟ್ ಅಥವಾ ಅದರ ಕಪ್ಲರ್‌ನಲ್ಲಿ. ಏಳದಿದ್ದರೂ ಮೀಟರನ್ನೇ ದೂರಬೇಡಿ, ವೈರ್ ಎಲ್ಲಾದರೂ ತುಂಡಾಗಿದೆಯಾ, ಇಲಿ ಕಡಿದಿದೆಯಾ ನೋಡಿಸಿ. ಓಮ್ ಲೆಕ್ಕ ಉಲ್ಟಾ ಇರುವ ಗಾಡಿಗಳಿಗೆ ಈ ಪರೀಕ್ಷೆ ಹೊಂದುವುದಿಲ್ಲ. ಡಿಜಿಟಲ್ ಮೀಟರಿನ ಗಾಡಿಗಳಲ್ಲಿ, ಕಾರುಗಳಲ್ಲಿ ಹೀಗೆ ವೈರ್ ಜೋಡಿಸುವುದು ಬೇಡ. ಅಲ್ಲಿ ಓಮ್ ಅಳೆಯುವ ಮಲ್ಟಿಮೀಟರ್ ಅಥವಾ ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಬೇಕು.

ಮುಳ್ಳಿನ ನಡತೆಯೂ ಸುಳಿವು ಕೊಡುತ್ತದೆ. ಟ್ಯಾಂಕ್ ತುಂಬಿದಾಗ ಓಮ್ ಕಡಿಮೆ ಇರುವ ಗಾಡಿಯಲ್ಲಿ ಯಾವಾಗಲೂ ಖಾಲಿ ತೋರಿಸಿದರೆ ಕಪ್ಲರ್ ಸಡಿಲವಾಗಿರಬಹುದು, ಕಿಲುಬು ಹಿಡಿದಿರಬಹುದು, ಅಥವಾ ಫ್ಲೋಟ್ ತೂತಾಗಿ ಪೆಟ್ರೋಲ್ ಕುಡಿದು ಮುಳುಗಿರಬಹುದು. ಯಾವಾಗಲೂ ಫುಲ್ ಅಂದರೆ ವೈರ್ ಗಾಡಿಯ ಲೋಹದ ಬಾಡಿಯನ್ನು ತಾಗುತ್ತಿರಬಹುದು. ಅರ್ಧದಲ್ಲಿ ನಿಂತರೆ ಕಡ್ಡಿ ಸಿಕ್ಕಿಕೊಂಡಿರಬಹುದು. ಹಾರಾಡುತ್ತಿದ್ದರೆ ಆ ಪಟ್ಟಿ ಸವೆದಿರುವ ಸಾಧ್ಯತೆ ಜಾಸ್ತಿ. ಪೆಟ್ರೋಲಿನ ಗುಣವೂ ಕಾರಣವಾಗುತ್ತದೆ: 2004ರಲ್ಲಿ ಅಮೆರಿಕದ ಫ್ಲಾರಿಡಾ, ಲೂಸಿಯಾನಾ ಕಡೆ ಗಂಧಕ ಹೆಚ್ಚಿದ್ದ ಪೆಟ್ರೋಲ್ ಮಾರಾಟವಾಗಿ, ಫ್ಲೋಟ್‌ನ ಬೆಳ್ಳಿ ಸಂಪರ್ಕಗಳು ಹಾಳಾಗಿ ಬಹಳಷ್ಟು ಕಾರುಗಳ ಮುಳ್ಳುಗಳು ತಪ್ಪು ತೋರಿಸಿದ್ದವು.

ಫ್ಲೋಟ್ ಹೊರತೆಗೆಯುವ ಕೆಲಸ ಗ್ಯಾರೇಜಿಗೇ ಬಿಡಿ, ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇರುವಾಗ ಹೋಗಿ. ಹೊಸದು ಹಾಕುವಾಗ ಹಳೆ ರಬ್ಬರ್ ವಾಷರನ್ನೇ ಮತ್ತೆ ಕೂರಿಸಲು ಬಿಡಬೇಡಿ, ಅಲ್ಲಿಂದ ಪೆಟ್ರೋಲ್ ಜಿನುಗುತ್ತದೆ.

ರಿಪೇರಿ ತನಕ ಟ್ರಿಪ್ ಮೀಟರ್ ನಂಬಿ, ಅದಿಲ್ಲದಿದ್ದರೆ ಬಂಕಿನಲ್ಲಿ ಕಿಲೋಮೀಟರ್ ಬರೆದಿಟ್ಟುಕೊಳ್ಳಿ. 5 ಲೀಟರ್ ಟ್ಯಾಂಕ್, ಲೀಟರಿಗೆ 45 ಕಿಲೋಮೀಟರ್ ಅಂದರೆ ಒಟ್ಟು 225. 150 ದಾಟುತ್ತಿದ್ದಂತೆ ಬಂಕಿಗೆ ಹೋಗಿ. ಆದರೆ ಇದನ್ನೇ ರೂಢಿ ಮಾಡಿಕೊಂಡು ರಿಪೇರಿ ಮುಂದೂಡಬೇಡಿ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಗೆ ನಿಯಮ ಬಂದ ಮೇಲಿನ, ಕಾರ್ಬುರೇಟರ್ ಬದಲು ಇಂಜೆಕ್ಷನ್ ಇರುವ ಗಾಡಿಯವರಿಗಂತೂ ಇದು ಇನ್ನೂ ಮುಖ್ಯ. ಹಳೆ ಬೈಕುಗಳ ರಿಸರ್ವ್ ನಾಬ್ ಅವುಗಳಲ್ಲಿ ಇಲ್ಲ. ಟ್ಯಾಂಕಿನೊಳಗಿನ ಪಂಪ್ ತಣ್ಣಗಿರುವುದೂ ಪೆಟ್ರೋಲಿನಿಂದಲೇ. ಪದೇ ಪದೇ ಟ್ಯಾಂಕ್ ಬರಿದಾದರೆ ಪಂಪ್ ಹೋಗುತ್ತದೆ, ಅದರ ಖರ್ಚು ಫ್ಲೋಟ್‌ಗಿಂತ ತುಂಬಾ ಜಾಸ್ತಿ.